ರೆಕ್ಸ್‌ಡೇಲಿನ ಐದು ಪಿರೇರಾಗಳು

ನನ್ನ ಸರ್‌ನೇಮನ್ನು ಯಾರಾದರೂ ಜೋರಾಗಿ ಕರೆದರೆ ಎಂತಾದರೊಂದು ಎಡವಟ್ಟು ಆಗಿಯೇ ಆಗುತ್ತದೆ ಮಾರಾಯ್ರೆ. ಮಂಗಳೂರಲ್ಲಿ ಹೀಗಿರಲಿಲ್ಲ. ಅಲ್ಲಿ ಕಲ್ಲೆಸೆದರೆ ಒಬ್ಬ ಪಿರೇರಾನಿಗೆ ತಾಗುತ್ತದೆ. ಶುರುವಾದದ್ದು ತೊಂಬತ್ತರ ದಶಕದಲ್ಲಿ, ನಾನು ಟೊರೊಂಟೊಕ್ಕೆ ಬಂದ ಮೇಲೆ.

೧

ರೆಕ್ಸ್‌ಡೇಲಿನ ಒಂದು ಕುರ್ಚಿ-ಮೇಜಿನ ಫ್ಯಾಕ್ಟರಿಗೆ ಕೆಲಸ ಕೇಳಿ ಫೋನ್ ಮಾಡಿದೆ. ಫೋರ್‌ಮನ್ ಪೋರ್ಚುಗಲ್‌ನವನು. ನನ್ನ ಹೆಸರು ಕೇಳಿದ್ದೇ, "ನಾನೂ ಪಿರೇರಾ. ಸೋಮವಾರ ಬಾ" ಅಂದ. ಹೋಗಿ ಎದುರು ನಿಂತೆ. ನನ್ನ ಕಪ್ಪು ಮುಖ ನೋಡಿದ, ಬಗ್ಗಿ ನನ್ನ ಬೆನ್ನ ಹಿಂದೆ ನೋಡಿದ.

"ಪಿರೇರಾ ಎಲ್ಲಿ?"

"ನಾನೇ."

"ಅದು ಸರಿ. ಅವನು ಪಾರ್ಕಿಂಗಲ್ಲಿ ಇದ್ದಾನಾ?"

೨

ಅಂತೂ ಮೂರು ತಿಂಗಳು ಟೆಂಪೊರರಿ ಅಂತ ಇಟ್ಟುಕೊಂಡ. ಪರ್ಮನೆಂಟ್ ಆಗದೆ ವಿಮಾನ ಹತ್ತುವುದಿಲ್ಲ ಅಂತ ಹೆಂಡತಿ ಮಂಗಳೂರಲ್ಲಿ ಹಠ ಹಿಡಿದು ಕೂತಿದ್ದಳು. ಅವಳಿಲ್ಲದೆ ಆ ಬೇಸ್‌ಮೆಂಟಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ದಿನ ಮೈಕಲ್ಲಿ "ಪಿರೇರಾ, ಆಫೀಸಿಗೆ ಬಾ" ಅಂತ ಕೂಗಿದರು. ಪರ್ಮನೆಂಟ್ ಆಯಿತು ಅಂತ ಓಡಿದೆ. ಬಾಗಿಲಲ್ಲಿ ಆಗಲೇ ಮೂವರು: ಬ್ರೆಜಿಲ್‌ನವನೊಬ್ಬ, ಅಂಗೋಲಾದವನೊಬ್ಬ, ಗಯಾನಾದವನೊಬ್ಬ. ನಾಲ್ಕು ಬಣ್ಣ, ಹೆಸರು ಒಂದೇ. ಹಿರಿಯರಿಗೆ ಜ್ಞಾನಸ್ನಾನ ಕೊಟ್ಟ ಪೋರ್ಚುಗೀಸ್ ಪಾದ್ರಿಯ ಹೆಸರೇ ನಮ್ಮ ಮನೆತನಕ್ಕೆ ಬಂತು ಅಂತ ಅಜ್ಜಿ ಹೇಳುತ್ತಿದ್ದರು. ಆ ಪುಣ್ಯಾತ್ಮ ಎಷ್ಟು ಹಡಗು ಹತ್ತಿದನೋ.

"ಯಾರದ್ದೋ ಕಾರಿನ ಲೈಟ್ ಉರಿಯುತ್ತಾ ಉಂಟು" ಅಂದಳು ಆಫೀಸಿನವಳು. ಕಾರು ಇದ್ದದ್ದು ಐದನೆಯ ಪಿರೇರಾನಿಗೆ, ಫೋರ್‌ಮನ್ನಿಗೆ ಮಾತ್ರ.

೩

ಮೂರು ತಿಂಗಳು ಮುಗಿಯುವ ವಾರ ಫೋರ್‌ಮನ್, "ಭಾನುವಾರ ಮನೆಗೆ ಬಾ, ಅಮ್ಮನಿಗೆ ನಿನ್ನನ್ನು ನೋಡಬೇಕಂತೆ" ಅಂದ. ಎಂಬತ್ತು ದಾಟಿದ ಆ ಅಮ್ಮನಿಗೆ ಇಂಗ್ಲಿಷ್ ಬಾರದು. ಮಗನೇ ದುಭಾಷಿ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಿಟಕಿ ತೋರಿಸಿ ಇದೇನು ಅಂದರು. ನಾನು ಕೊಂಕಣಿಯಲ್ಲಿ "ಜನೆಲ್" ಅಂದೆ. ಮೇಜು ತೋರಿಸಿದರು. "ಮೇಜ್." ಬೀಗದ ಕೈ ತೋರಿಸಿದರು. "ಚಾವಿ." ಮೂರೂ ಅವರದ್ದೇ ಶಬ್ದವಂತೆ, ಸ್ವಲ್ಪ ಸೊಟ್ಟ ಅಷ್ಟೆ.

ಅಮ್ಮ ಕೈಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು. ಅಲ್ಲಿ ಪಿಯರ್ ಮರ, ಮೈತುಂಬ ಹಣ್ಣು. ಮರ ಮುಟ್ಟಿ "ಪಿರೇರಾ" ಅಂದರು. ತನ್ನ ಎದೆ ಮುಟ್ಟಿ "ಪಿರೇರಾ." ನನ್ನ ಎದೆ ಮುಟ್ಟಿ "ಪಿರೇರಾ." ಹುಟ್ಟಿದಾಗಿನಿಂದ ಹೊತ್ತು ತಿರುಗಿದ ಹೆಸರು ಒಂದು ಮರದ್ದು ಅಂತ ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿತು. ತಡೆದುಕೊಂಡು, "ನಮ್ಮಲ್ಲೂ ಪೇರಳೆ ಅಂತ ಉಂಟು, ಆದರೆ ಅದು ಸೀಬೆ" ಅಂದೆ.

"ಅಷ್ಟು ದೂರ ಹೆಸರು ಹೊತ್ತುಕೊಂಡು ಹೋಗಿ ಬೇರೆ ಮರಕ್ಕೆ ಇಟ್ಟಿರಾ?" ಅಂದರು ಅಮ್ಮ. ಆಮೇಲೆ, "ಹೆಂಡತಿ ಎಲ್ಲಿ?"

"ಊರಲ್ಲಿ."

"ತವರಿನ ಹೆಸರು?"

"ಪಿಂಟೊ."

ಅಮ್ಮ ನಗಲಿಕ್ಕೆ ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಪಿಂಟೊ ಅಂದರೆ ಕೋಳಿಮರಿಯಂತೆ. ಕಣ್ಣೊರೆಸಿಕೊಂಡು ಮಗನಿಗೆ ಗದರಿದರು: "ಮರ ಇಲ್ಲಿ, ಮರಿ ಅಲ್ಲಿ. ಇದೆಂತ ಸಂಸಾರ? ನಾಳೆಯೇ ಇವನನ್ನು ಪರ್ಮನೆಂಟ್ ಮಾಡು."

ಮಾಡಿದ. ಹೆಂಡತಿಗೆ ಫೋನ್ ಮಾಡಿ ಒಂದೂ ಬಿಡದೆ ಹೇಳಿದೆ.

"ಬರ್ತೇನೆ" ಅಂದಳು. "ಆದರೆ ಕೋಳಿಮರಿಯ ವಿಷಯ ಅಪ್ಪನಿಗೆ ಹೇಳ್ಬೇಡಿ. ನಿನ್ನೆ ಕೂಡ ಮೀಸೆ ತಿರುವಿಕೊಂಡು 'ನಾವು ಪಿಂಟೊಗಳು, ಯಾರಿಗೂ ಹೆದರುವವರಲ್ಲ' ಅಂತ ಇದ್ರು."