ಖಾಲಾ ನೋಡಬೇಕೆಂದಿದ್ದ ದೆವ್ವ

ವಾರದ ಆರು ದಿನ ನನ್ನ ಕ್ಲಿನಿಕ್ಕಿಗೆ ಬಂದವರು ಬಾಯಿ ತೆಗೆಯುತ್ತಾರೆ, ಆದರೆ ಮಾತಾಡುವ ಹಾಗಿಲ್ಲ. ಭಾನುವಾರ ಬಂದವರು ಬಾಯಿ ಮುಚ್ಚುವುದೇ ಇಲ್ಲ. ಹಾಗಾಗಿ ಇಂಥ ಪ್ರಸಂಗಗಳು ನನಗೆ ತಪ್ಪಿದ್ದಲ್ಲ.

ನಾನು ಕುಕ್ ಟೌನಿನಲ್ಲಿ ಹಲ್ಲಿನ ಡಾಕ್ಟರು. ಯಾರೂ ಹೆಸರು ಕೇಳಿರದ ಹಳೆಯ ದೆವ್ವದ ಸಿನಿಮಾಗಳೆಂದರೆ ನನಗೆ ಪ್ರಾಣ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ರೋಗಿಗಳು ಕಾಯುವ ಹಾಲಿನಲ್ಲೇ ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಗೋಡೆಯ ಮೇಲೆ ಒಂದು ಸಿನಿಮಾ ಹಾಕುತ್ತೇನೆ. ಹದಿನೈದಿಪ್ಪತ್ತು ಜನ ಬರುತ್ತಾರೆ. ಟಿಕೆಟ್ ಇಲ್ಲ, ಒಂದು ನಿಯಮ ಮಾತ್ರ ಇದೆ. ಸಿನಿಮಾ ಮುಗಿದ ಮೇಲೆ ಪ್ರತಿಯೊಬ್ಬರೂ ಎದ್ದು ನಿಂತು ಅಭಿಪ್ರಾಯ ಹೇಳಬೇಕು. ‘ಚೆನ್ನಾಗಿತ್ತು’ ಎಂದು ಹೇಳಿ ಕೂರುವ ಹಾಗಿಲ್ಲ. ಕಣ್ಣಿಗೆ ಕಂಡದ್ದು ಒಂದನ್ನಾದರೂ ಹೇಳಬೇಕು.

ಇದನ್ನು ಶುರು ಮಾಡಿದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು. “ಜನರನ್ನ ಆರು ದಿನ ಹೆದರಿಸೋದು ಸಾಲ್ದೇನ್ರೀ?”

ಹವಾಲ್ದಾರರ ಧೈರ್ಯ

ಹಲಸೂರಿನಿಂದ ಒಬ್ಬ ನಿವೃತ್ತ ಹವಾಲ್ದಾರರು ಬರುತ್ತಾರೆ. ಗಡಿಯಲ್ಲಿ ಇದ್ದು ಬಂದವರು. ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಕುರ್ಚಿಯಲ್ಲೇ ಕೂರುತ್ತಾರೆ. ಅವರ ಅಭಿಪ್ರಾಯ ಮಾತ್ರ ಯಾವಾಗಲೂ ಸದ್ದಿನ ಮೇಲೆ. ನಾಯಿ ಬೊಗಳಿದ್ದು ಜಾಸ್ತಿಯಾಯಿತು, ಬಾಗಿಲು ಕಿರುಗುಟ್ಟಿದ್ದು ಸರಿಯಾಗಿತ್ತು, ಹೀಗೆ.

ಸುಮಾರು ಒಂದು ವರ್ಷ ಕಳೆದ ಮೇಲೆ ನನಗೆ ಅನುಮಾನ ಬಂತು. ಒಂದು ಭಾನುವಾರ ಸಿನಿಮಾ ನೋಡುವುದು ಬಿಟ್ಟು ಅವರನ್ನೇ ನೋಡಿದೆ. ದೆವ್ವ ಬಂದಾಗಲೆಲ್ಲ ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದರು. ಮುಗಿದ ಮೇಲೆ ಎಲ್ಲರೆದುರಿಗೂ ಕೇಳಿಯೇಬಿಟ್ಟೆ. “ಹವಾಲ್ದಾರ್ರೇ, ದೆವ್ವ ಉಟ್ಟಿದ್ದ ಸೀರೆ ಯಾವ ಬಣ್ಣ?”

ಅವರು ಎದ್ದು ನೆಟ್ಟಗೆ ನಿಂತರು. “ನಾನು ಹೆಂಗಸ್ರನ್ನ ಹಂಗೆಲ್ಲ ದಿಟ್ಟಿಸಿ ನೋಡೋನಲ್ಲ ಡಾಕ್ಟ್ರೇ.”

ಹಲ್ಲು ಕೀಳಿಸಲು ಬಂದವರು

ಖಾಲಾ ಮೊದಲು ಬಂದದ್ದು ಹಲ್ಲುನೋವಿಗೆ. ಶಿವಾಜಿನಗರದವರು, ಅರವತ್ತು ದಾಟಿದೆ. ಈಗ ನಾವೆಲ್ಲ ಅವರನ್ನು ಖಾಲಾ ಎಂದೇ ಕರೆಯುತ್ತೇವೆ, ಅವರ ಮನೆಮಾತಿನಲ್ಲಿ ಚಿಕ್ಕಮ್ಮ ಎಂದು. ಅವತ್ತು ಇಂಜೆಕ್ಷನ್ ಕೊಟ್ಟು, ದವಡೆ ಮರಗಟ್ಟಲಿ ಎಂದು ಕಾಯುತ್ತಿದ್ದೆ. ಅವರ ಕಣ್ಣು ಗೋಡೆಯ ಮೇಲಿದ್ದ ಭಾನುವಾರದ ಸಿನಿಮಾ ಚೀಟಿಯ ಮೇಲೆ ಬಿತ್ತು.

“ಡಾಕ್ಟರ್ ಸಾಬ್, ನೀವು ಹಳೇ ದೆವ್ವದ ಪಿಚ್ಚರ್ ತೋರಿಸ್ತೀರಾ?”

“ತೋರಿಸ್ತೀನಿ.”

“ಹಂಗಾದ್ರೆ ನಂಗೊಂದು ದೆವ್ವ ಹುಡುಕಿ ಕೊಡಿ.”

ಅರ್ಧ ಬಾಯಿ ಮರಗಟ್ಟಿದ್ದರೂ ಅವರು ನಿಲ್ಲಿಸಲಿಲ್ಲ. ಅವರ ಗಂಡ ಲೇಡೀಸ್ ಟೈಲರ್. ಮದುವೆಯಾದ ಹೊಸತರಲ್ಲಿ ಒಂದು ಕನ್ನಡ ಸಿನಿಮಾದವರು ದೆವ್ವದ ಬಿಳಿ ನಿಲುವಂಗಿ ಹೊಲಿಯಲು ಕೊಟ್ಟಿದ್ದರು. ಅಳತೆ ಕೊಡಬೇಕಾದ ನಟಿ ಬರಲೇ ಇಲ್ಲ. ಕೊನೆಗೆ ಟೈಲರ್ ಸಾಹೇಬರು ತಮ್ಮ ಅಳತೆಗೇ ಹೊಲಿದು, ಶೂಟಿಂಗ್ ನಡೆಯುತ್ತಿದ್ದ ಬಂಗಲೆಗೆ ತೆಗೆದುಕೊಂಡು ಹೋದರು. ಅದು ಅವರೊಬ್ಬರಿಗೆ ಬಿಟ್ಟು ಮತ್ತಾರ ಮೈಗೂ ಸರಿಹೋಗಲಿಲ್ಲ. “ನೀವೇ ನಿಂತ್ಕೊಳ್ಳಿ” ಎಂದರಂತೆ ಡೈರೆಕ್ಟರು. ಹಾಗೆ ನಮ್ಮ ಶಿವಾಜಿನಗರದ ಟೈಲರ್ ಆ ಸಿನಿಮಾದ ಹೆಣ್ಣು ದೆವ್ವವಾದರು.

“ನೀವು ನೋಡಿಲ್ವಾ?”

“ಎಲ್ಲಿ ಬಿಟ್ರು! ಮೊದಲ್ನೇ ದಿನ ಇವರೊಬ್ರೇ ಹೋಗಿದ್ರು. ದೆವ್ವ ಬಂದಾಗ ಥಿಯೇಟರ್ ಪೂರ್ತಿ ನಕ್ತಂತೆ. ಮನೆಗೆ ಬಂದು ಊಟ ಮಾಡ್ಲಿಲ್ಲ. ನೀನು ನೋಡ್ಬೇಡ ಅಂದ್ಬಿಟ್ರು. ನಾನು ಹಟ ಮಾಡೋ ಹೊತ್ತಿಗೆ ಪಿಚ್ಚರೇ ಎತ್ತಂಗಡಿ.”

ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಫೋಟೋಗಳಿವೆ ಎಂದರು. “ಆದ್ರೆ ಫೋಟೋದಲ್ಲಿ ಸುಮ್ನೆ ನಿಂತಿರ್ತಾರೆ ಡಾಕ್ಟರ್ ಸಾಬ್. ಅವ್ರು ಸುಮ್ನೆ ಇರೋ ಮನುಷ್ಯ ಅಲ್ಲ. ಒಂದ್ಸಲ ಅಲ್ಲಾಡೋದನ್ನ ನೋಡ್ಬೇಕು.”

ಹುಡುಕುತ್ತೇನೆ ಎಂದು ಮಾತು ಕೊಟ್ಟೆ. ಹಲ್ಲು ಕಿತ್ತೆ. ಅವರ ಕಣ್ಣಲ್ಲಿ ನೀರು ಬಂತು. “ನೋವಾಯ್ತಾ?” ಎಂದು ಗಾಬರಿಯಿಂದ ಕೇಳಿದೆ.

“ಇಲ್ಲ. ಇಷ್ಟೊತ್ತು ನನ್ನ ಮಾತು ಕೇಳಿದ ಗಂಡಸು ನೀವೇ ಮೊದಲು” ಎಂದರು.

ಟೈಲರ್ ಹೆಂಡತಿಯ ವಿಮರ್ಶೆ

ಅವತ್ತಿನಿಂದ ಖಾಲಾ ಪ್ರತಿ ಭಾನುವಾರ ಆಟೋದಲ್ಲಿ ಬರತೊಡಗಿದರು. ಗಂಡನ ಸಿನಿಮಾ ಸಿಗುವವರೆಗೆ ಬೇರೆ ದೆವ್ವಗಳನ್ನಾದರೂ ನೋಡುತ್ತೇನೆ ಎಂದರು. ಅಭಿಪ್ರಾಯ ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ನಮ್ಮಲ್ಲಿ ಇಂದಿರಾನಗರದ ಒಬ್ಬಳು ಹುಡುಗಿ ಇದ್ದಾಳೆ. ಹಳೆಯ ಸಿನಿಮಾಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಉದ್ದುದ್ದ ಬರೆಯುತ್ತಾಳೆ. ಒಮ್ಮೆ ಎದ್ದು ನಿಂತು, “ಈ ದೆವ್ವ ಆಕ್ಚುಲಿ ಹೆಣ್ಣಿನ ಅದುಮಿಟ್ಟ ಕೋಪದ ರೂಪಕ” ಎಂದು ಹತ್ತು ನಿಮಿಷ ಮಾತಾಡಿದಳು. ಖಾಲಾ ಗಮನವಿಟ್ಟು ಕೇಳಿದರು. ತಮ್ಮ ಸರದಿ ಬಂದಾಗ, “ಕೋಪ ಇರುತ್ತಮ್ಮ. ಕಂಕುಳಲ್ಲಿ ಅಷ್ಟು ಬಿಗಿ ಹೊಲಿದಿದಾರೆ. ಕೈ ಎತ್ತೋಕೇ ಆಗ್ತಿಲ್ಲ, ಕತ್ತು ಹೆಂಗೆ ಹಿಸುಕ್ತಾಳೆ?” ಎಂದರು. ಹುಡುಗಿ ತನ್ನ ವಿಮರ್ಶೆಯಲ್ಲಿ ಅದನ್ನೂ ಸೇರಿಸಿದಳು.

ಇನ್ನೊಂದು ಸಿನಿಮಾದಲ್ಲಿ ಸತ್ತ ಯಜಮಾನ ಪೂರ್ತಿ ಎರಡು ಗಂಟೆ ಆರಾಮಕುರ್ಚಿಯಲ್ಲಿ ಅಲ್ಲಾಡದೆ ಕೂತಿರುತ್ತಾನೆ. ನಮಗೆಲ್ಲ ಮೈ ಜುಮ್ಮೆಂದಿತ್ತು. ಖಾಲಾ ಒಪ್ಪಲಿಲ್ಲ. “ಯಾವ ಗಂಡಸು ಇಷ್ಟೊತ್ತು ಸುಮ್ನೆ ಕೂತಿರ್ತಾನೆ? ನಮ್ಮೋರು ನಿದ್ದೇಲೂ ಮೆಷಿನ್ ತುಳೀತಿದ್ರು. ಕಾಲ್ ಮೇಲೆ ದಿಂಬು ಇಟ್ಟು ಮಲಗಿಸ್ತಿದ್ದೆ.”

ಎಲ್ಲರೂ ನಕ್ಕೆವು. ಹವಾಲ್ದಾರರು ಕೇಳಿದರು: “ಅಷ್ಟು ಕೆಲಸದೋರು ಅಂದ್ರೆ, ನಿಮಗೂ ಬೇಕಾದಷ್ಟು ಹೊಲಿದು ಕೊಟ್ಟಿರ್ಬೇಕಲ್ಲಮ್ಮಾ?”

“ಹ್ಞೂಂ! ಊರೋರಿಗೆಲ್ಲ ಇವತ್ತು, ನಂಗೆ ನಾಳೆ. ಅಕ್ಕನ ಮಗಳ ಮದ್ವೆಗೆ ಅಂತ ಮರೂನ್ ಸೀರೆ ತಗೊಂಡೆ. ಬ್ಲೌಸ್ ಕಟ್ ಮಾಡಿ ಇಟ್ರು. ಚಾಕ್ ಗೆರೆ ಇನ್ನೂ ಇದೆ. ನಾಳೆ ಹೊಲೀತೀನಿ ಅಂದ್ರು. ಆ ನಾಳೇಲೇ ಹೋಗ್ಬಿಟ್ರು.”

ಬೇರೆ ಟೈಲರಿಗೆ ಕೊಡಬಾರದಿತ್ತೇ ಎಂದು ಹುಡುಗಿ ಮೆತ್ತಗೆ ಕೇಳಿದಳು.

“ಬೇರೆಯವರ ಹತ್ರ ಹೊಲಿಸಿದ್ರೆ ಬೈತಾರಮ್ಮ” ಎಂದರು ಖಾಲಾ.

ಸಿಕ್ಕಿದ ಮೇಲೆ

ಸಿನಿಮಾ ಹುಡುಕಿದ್ದು ಆ ಹುಡುಗಿಯೇ. ಯಾರೋ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿ ಇಂಟರ್ನೆಟ್ಟಿಗೆ ಹಾಕಿದ್ದರು. ಕೆಳಗೆ ಮೂರೇ ಅಭಿಪ್ರಾಯ. ಒಬ್ಬರು ಹಾಡು ತೆಗೆಯಿರಿ ಎಂದಿದ್ದರು. ಇನ್ನೊಬ್ಬರು ಬಂಗಲೆ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದ್ದರು. ಮೂರನೆಯವರು, ‘ದೆವ್ವವನ್ನು ನೋಡಿ ನಕ್ಕೂ ನಕ್ಕೂ ಸತ್ತೆ’ ಎಂದು ಬರೆದಿದ್ದರು.

ಖಾಲಾಗೆ ಹೇಳುವ ಮೊದಲು ನಾನೊಬ್ಬನೇ ಕೂತು ನೋಡಿದೆ. ದೆವ್ವಕ್ಕೆ ಸೊಂಟದವರೆಗೆ ಕೂದಲು, ಅದೂ ಪೂರ್ತಿ ಮುಖದ ಮೇಲೆ. ಒಂದು ಕಡೆಯೂ ಮೂಗಿನ ತುದಿ ಸಹ ಕಾಣುವುದಿಲ್ಲ. ದನಿ ಯಾರೋ ಹೆಂಗಸಿನದು. ನಡೆಯುವುದನ್ನಾದರೂ ನೋಡಬಹುದೆಂದರೆ, ಗಾಳಿಯಲ್ಲಿ ತೇಲಿದಂತೆ ಕಾಣಲೆಂದು ಚಕ್ರದ ಹಲಗೆಯ ಮೇಲೆ ನಿಲ್ಲಿಸಿ ತಳ್ಳಿದ್ದಾರೆ. ಹಲಗೆಯ ಹಗ್ಗ ಎರಡು ಕಡೆ ಕಾಣುತ್ತದೆ. ಹೆಸರುಗಳ ಪಟ್ಟಿಯಲ್ಲೂ ಅವರ ಹೆಸರಿಲ್ಲ.

ದಿನಕ್ಕೆ ಹತ್ತು ಸಲ ‘ನೋವಾಗಲ್ಲ’ ಎಂದು ಸುಳ್ಳು ಹೇಳುವ ನನಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಮೂರು ಭಾನುವಾರ ಖಾಲಾ, “ಸಿಕ್ತಾ?” ಎಂದು ಕೇಳಿದರು. ಮೂರು ಭಾನುವಾರವೂ “ಹುಡುಕ್ತಿದೀವಿ” ಎಂದೆ. ಆಸೆಯಿಟ್ಟುಕೊಂಡು ಬಂದ ಮುದುಕಿಗೆ ಸುಳ್ಳು ಹೇಳುತ್ತಿದ್ದೇನೆಂದು ಒಳಗೆ ಬಹಳ ಸಂಕಟವಾಗುತ್ತಿತ್ತು. ನಾಲ್ಕನೆಯ ವಾರ ತಡೆಯಲಾಗದೆ ಫೋನ್ ಮಾಡಿದೆ. ಸಿಕ್ಕಿದೆ, ಆದರೆ ಮುಖ ಕಾಣುವುದಿಲ್ಲ, ಕೂದಲು ಮುಚ್ಚಿದೆ ಎಂದೆ. ಹಲಗೆಯ ವಿಷಯ ಹೇಳಲು ಧೈರ್ಯವಾಗಲಿಲ್ಲ.

ಖಾಲಾ ಸಣ್ಣ ದನಿಯಲ್ಲಿ ಹೇಳಿದರು. “ಮೀಸೆ ತೆಗೀರಿ ಅಂದಿದ್ರಂತೆ ಅವ್ರಿಗೆ. ತೆಗೀಬೇಡಿ ಅಂತ ನಾನೇ ಹಟ ಮಾಡಿದ್ದೆ. ಅದಕ್ಕೇ ಕೂದ್ಲು ಬಿಟ್ಟಿರ್ತಾರೆ.”

“ಹಾಕೋದು ಬೇಡ ಬಿಡಿ ಖಾಲಾ.”

“ಹಾಕಿ” ಎಂದರು. “ಮೀಸೆ ನಂಗೆ ನೆನಪಿದೆ.”

ನಗಬಾರದ ಭಾನುವಾರ

ಅವತ್ತು ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದೆ. ಯಾರೂ ನಗಬಾರದು, ತುಟಿ ಅಲ್ಲಾಡಿಸಲೂಬಾರದು. “ಆರ್ಡರ್ ಅಂದ್ರೆ ಆರ್ಡರ್” ಎಂದು ಹವಾಲ್ದಾರರು ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ತಾಕೀತು ಮಾಡಿದರು.

ಖಾಲಾ ಆ ಮರೂನ್ ಸೀರೆ ಉಟ್ಟು ಬಂದಿದ್ದರು. ಅದಕ್ಕೆ ಹಳೆಯ ಕಪ್ಪು ಬ್ಲೌಸ್. ಅತ್ತರಿನ ವಾಸನೆ ಹಾಲೆಲ್ಲ ಹರಡಿತು. ಮೊದಲ ಸಾಲಿನಲ್ಲಿ, ಹವಾಲ್ದಾರರ ಪಕ್ಕ ಕೂತರು.

ಅಷ್ಟು ಹಾಸ್ಯಾಸ್ಪದವಾದ ಸಿನಿಮಾವನ್ನು ಅಷ್ಟು ದುಃಖದಿಂದ ಇದುವರೆಗೆ ಯಾರೂ ನೋಡಿರಲಾರರು. ದೆವ್ವ ಹಲಗೆಯ ಮೇಲೆ ಬಂತು. ಹಗ್ಗ ಕಂಡಿತು. ಹಲಗೆ ಕಂಬಕ್ಕೆ ಬಡಿದು ದೆವ್ವ ಮುಗ್ಗರಿಸಿತು. ಹಿಂದಿನ ಸಾಲಿನಲ್ಲಿ ಒಬ್ಬರು ಕರವಸ್ತ್ರ ಬಾಯಿಗೆ ತುರುಕಿಕೊಂಡಿದ್ದರು. ಖಾಲಾ ಮುಂದಕ್ಕೆ ಬಾಗಿ, ಆ ಕೂದಲ ರಾಶಿಯಲ್ಲಿ ಏನೋ ಹುಡುಕುತ್ತಲೇ ಇದ್ದರು. ಅವರಿಗೆ ಏನೂ ಸಿಗುತ್ತಿಲ್ಲವೆಂದು ಅವರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಯಾಕಾದರೂ ಹಾಕಿದೆನೋ ಎಂದು ನನ್ನನ್ನು ನಾನೇ ಬೈದುಕೊಂಡೆ.

ಆಮೇಲೆ ಆ ಬಾಗಿಲಿನ ದೃಶ್ಯ ಬಂತು. ನಾಯಕಿ ಹಾಸಿಗೆಯ ಮೇಲೆ ಕೂತು ಕಿರುಚುತ್ತಾಳೆ. ದೆವ್ವ ಬಾಗಿಲಲ್ಲಿ ಸುಮ್ಮನೆ ನಿಂತಿರಬೇಕು. ಆಕೆಯ ಕಿರುಚಾಟ ಮುಗಿಯುವುದೇ ಇಲ್ಲ. ದೆವ್ವ ಪಾಪ ಕಾಯುತ್ತಿದೆ. ಕಾಯುತ್ತಾ ಕಾಯುತ್ತಾ, ನಿಲುವಂಗಿಯ ಕೆಳಗೆ ಅದರ ಬಲಗಾಲು ಶುರುವಾಯಿತು. ಹಿಮ್ಮಡಿ ಕೆಳಗೆ, ಬೆರಳು ಮೇಲೆ. ಬೆರಳು ಕೆಳಗೆ, ಹಿಮ್ಮಡಿ ಮೇಲೆ.

ಇಂದಿರಾನಗರದ ಹುಡುಗಿಯ ಕಟ್ಟೆಯೊಡೆಯಿತು. ಅವಳು ನಕ್ಕದ್ದೇ ತಡ, ಹಾಲೆಲ್ಲ ಗೊಳ್ಳೆಂದಿತು. ನಾನೊಬ್ಬನೇ ನೋಡಿದಾಗ ಅದೇ ಜಾಗದಲ್ಲಿ ನಾನೂ ನಕ್ಕಿದ್ದೆ. ಈಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಖಾಲಾ ಎದ್ದು ನಿಂತರು. ನಗು ಥಟ್ಟನೆ ನಿಂತಿತು. ನಾನು ಗಾಬರಿಯಲ್ಲಿ ಸಿನಿಮಾವನ್ನೂ ನಿಲ್ಲಿಸಿದೆ. ಗೋಡೆಯ ಮೇಲೆ ಕಾಲು ಅರ್ಧಕ್ಕೆ ನಿಂತಿತು.

“ನಿಲ್ಲಿಸ್ಬೇಡಿ ಡಾಕ್ಟರ್ ಸಾಬ್. ನಿಂತ್ರೆ ಫೋಟೋ ಆಗ್ಬಿಡುತ್ತೆ. ವಾಪಸ್ ಹಾಕಿ.”

ವಾಪಸ್ ಹಾಕಿದೆ. ನಾಯಕಿ ಮತ್ತೆ ಕಿರುಚಿದಳು. ಕಾಲು ಮತ್ತೆ ಶುರುವಾಯಿತು. ಖಾಲಾ ಗೋಡೆಯ ಹತ್ತಿರ ಹೋಗಿ, ಪಾದದ ಪಕ್ಕದಲ್ಲೇ ನೆಲಕ್ಕೆ ಕೂತರು. “ಇವ್ರೇ” ಎಂದರು. “ನೋಡಿ, ಹೊಲೀತಿದಾರೆ.”

ಐದು ಸಲ ಹಾಕಿದೆ. ಹವಾಲ್ದಾರರು ಕಣ್ಣು ಮುಚ್ಚದೆ ಐದು ಸಲವೂ ನೋಡಿದರು. ನಗುತ್ತಿದ್ದ ಹುಡುಗಿ ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನೂ ಅತ್ತೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

“ಸಾರಿ ಖಾಲಾ, ನಕ್ಬಿಟ್ಟೆ” ಎಂದಳು ಹುಡುಗಿ.

“ನಗಬೇಕಮ್ಮ. ಅವತ್ತು ಥಿಯೇಟರಲ್ಲಿ ನಾನು ಪಕ್ಕ ಇದ್ದಿದ್ರೆ ನಾನೂ ನಗ್ತಿದ್ದೆ. ಅವ್ರೂ ಊಟ ಮಾಡಿರ್ತಿದ್ರು.”

ದೀಪ ಹಾಕಿದೆ. ಅಭಿಪ್ರಾಯ ಹೇಳಲು ಯಾರೂ ಏಳಲಿಲ್ಲ. ಈ ಸಲಕ್ಕೆ ಬೇಡ ಬಿಡಿ ಎಂದೆ. “ಹಂಗೆಲ್ಲ ಬಿಡೋಕಾಗಲ್ಲ, ನಿಯಮ ಅಂದ್ರೆ ನಿಯಮ” ಎಂದು ಖಾಲಾ ಗೋಡೆ ಹಿಡಿದು ಎದ್ದರು. ಕಣ್ಣೊರೆಸಿಕೊಂಡು ಸೆರಗು ಸರಿಮಾಡಿಕೊಂಡರು. ಆ ಹಳೆಯ ಕಪ್ಪು ತೋಳನ್ನೊಮ್ಮೆ ನೋಡಿಕೊಂಡು, ಖಾಲಿ ಗೋಡೆಯ ಕಡೆ ಬೆರಳು ತೋರಿಸಿದರು.

“ದೆವ್ವ ಆದ್ರೂ ಕೆಲಸ ಬಿಟ್ಟಿಲ್ಲ. ನನ್ನ ಬ್ಲೌಸ್ ಮಾತ್ರ ಇನ್ನೂ ನಾಳೇನೇ!”