ಆರೋಗ್ಯವಂತರಿಗೆ ಮಾತ್ರ ಪ್ರವೇಶ

ಗದಗ-ಬೆಟಗೇರಿಯ ಶುಶ್ರೂಷಾ ಪದವಿ ವಿದ್ಯಾಲಯದಲ್ಲಿ ಸ್ಥಾಪನೆಯಾದಂದಿನಿಂದ ಇಂದಿನವರೆಗೆ ಒಬ್ಬ ರೋಗಿಯೂ ಸತ್ತಿಲ್ಲ. ಇದು ಸರಕಾರಕ್ಕೂ ಗೊತ್ತು, ಸಾರ್ವಜನಿಕರಿಗೂ ಗೊತ್ತು. ಇಂಥ ಕೀರ್ತಿ ಮುಂಬಯಿಯ ದೊಡ್ಡ ದೊಡ್ಡ ಆಸ್ಪತ್ರೆಗಳಿಗೂ ಇರಲಿಲ್ಲ. ಅಲ್ಲಿಯವರು ರೋಗಿಗಳನ್ನು ಸೇರಿಸಿಕೊಳ್ಳುವ ತಪ್ಪು ಮಾಡುತ್ತಿದ್ದರು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಗದಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಹೆಣ್ಣುಮಕ್ಕಳಿಗೆ ನಾಲ್ಕು ವರ್ಷದ ನರ್ಸಿಂಗ್ ಪದವಿ ಕೊಡುವ ವಿದ್ಯಾಲಯವೊಂದು ದವಾಖಾನೆಯ ಸಮೇತ ಮಂಜೂರಾಗಿ, ಅದರ ಮುಖ್ಯಾಧಿಕಾರಿಯಾಗಿ ದೇವಪ್ಪನವರು ನೇಮಕವಾದರು. ಅವರು ಅಲ್ಲಿಯವರೆಗೆ ಬೆಟಗೇರಿಯ ಜಕಾತಿ ನಾಕಾದಲ್ಲಿ ಸರಕಿನ ಸುಂಕ ವಸೂಲಿ ಮಾಡುತ್ತಿದ್ದವರು. ತುಪ್ಪದ ಡಬ್ಬಿಯಿರಲಿ, ಹತ್ತಿಯ ಅಂಡಿಗೆಯಿರಲಿ, ತಾವು ನೋಡದೆ ಊರೊಳಗೆ ಬಿಟ್ಟವರಲ್ಲ. ವೈದ್ಯಕೀಯ ಜ್ಞಾನದ ಪ್ರಶ್ನೆ ಯಾರೂ ಎತ್ತಲಿಲ್ಲ, ಏಕೆಂದರೆ ಆ ಹುದ್ದೆಯ ಅರ್ಹತೆಗಳಲ್ಲಿ ಅದು ಇರಲಿಲ್ಲ.

ಮೊದಲ ತಂಡದಲ್ಲಿ ಬೆಳ್ಳಟ್ಟಿಯ ಸಾವಂತ್ರೆವ್ವ ಇದ್ದಳು. ತಂದೆ-ತಾಯಿ ಇಲ್ಲದ ಹುಡುಗಿ. ಅವಳು ‘ಆಯಿ’ ಎನ್ನುತ್ತಿದ್ದ ಅಜ್ಜಿ ಹುಚ್ಚವ್ವ ಸಾಕಿ ಬೆಳೆಸಿದ್ದಳು. ಮೊಮ್ಮಗಳು ಕಂಡವರ ಮೈ ಮುಟ್ಟುವ ಕೆಲಸ ಕಲಿಯುತ್ತಾಳೆಂದು ಓಣಿಯವರು ಆಡಿಕೊಂಡಾಗ, ಹುಚ್ಚವ್ವ ಓಣಿಯವರೊಂದಿಗೆಲ್ಲ ಜಗಳ ತೆಗೆದು ಅವಳನ್ನು ಗದಗಿಗೆ ಕಳಿಸಿದ್ದಳು. ಹುಡುಗಿ ಪಾಸಾಗಿ ಬಂದರೆ ಊರ ಚಾವಡಿಯ ಪಕ್ಕದ ಕೋಣೆಯನ್ನು ದವಾಖಾನೆಗೆ ಬಿಟ್ಟುಕೊಡುವುದಾಗಿಯೂ, ಒಂದು ಸಲ ನಪಾಸಾದರೂ ಆ ಕೋಣೆಯಲ್ಲಿ ಸೊಸೈಟಿಯ ಬೀಜದ ಚೀಲ ಇಡುವುದಾಗಿಯೂ ಹಿರಿಯರು ತೀರ್ಮಾನಿಸಿದ್ದರು. ಸಾವಂತ್ರೆವ್ವನಿಗೆ ಆ ಕೋಣೆ ಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಆಯಿ ಓಣಿಯಲ್ಲಿ ತಲೆಯೆತ್ತಿ ಅಡ್ಡಾಡುವುದನ್ನು ನೋಡಬೇಕಾಗಿತ್ತು.

ವಿದ್ಯಾಲಯಕ್ಕೆ ದೇವಪ್ಪನವರು ಮೊದಲ ವಾರವೇ ಒಂದು ನಿಯಮ ಮಾಡಿದರು: ‘ಯಾವ ವಿದ್ಯಾರ್ಥಿನಿಯ ಕೈಯಲ್ಲಿ ರೋಗಿಯ ಸ್ಥಿತಿ ಬಿಗಡಾಯಿಸುವುದೋ ಆ ವಿದ್ಯಾರ್ಥಿನಿಯ ತರಬೇತಿಯು ಮೊದಲಿನಿಂದ ಪುನಃ ಆರಂಭವಾಗತಕ್ಕದ್ದು.’ ಶಿರಹಟ್ಟಿಯಿಂದ ಬಂದ ಒಬ್ಬ ಮುದುಕನಿಗೆ ರಾತ್ರಿ ಜ್ವರ ಏರಿತು. ಒಬ್ಬಳ ತರಬೇತಿ ಹೋಯಿತು. ಮುಂಡರಗಿಯ ಹೆಂಗಸಿನ ಗಾಯ ಕೀವಾಯಿತು, ಇನ್ನೊಬ್ಬಳದೂ ಹೋಯಿತು. ಹೀಗೇ ನಡೆದರೆ ಮೊದಲ ವರ್ಷ ದಾಟುವವರು ಯಾರೂ ಇರುವುದಿಲ್ಲವೆಂದು ದೇವಪ್ಪನವರಿಗೆ ಚಿಂತೆಯಾಯಿತು. ತಪ್ಪು ನಿಯಮದಲ್ಲಿ ಇರುವುದು ಸಾಧ್ಯವಿರಲಿಲ್ಲ. ಅದು ರೋಗಿಗಳಲ್ಲಿಯೇ ಇತ್ತು. ರೋಗ ಇರುವವರಿಗೆ ಮಾತ್ರ ರೋಗ ಹೆಚ್ಚಾಗುತ್ತದೆ ಎಂಬ ಸಂಗತಿ ಅವರ ಗಮನಕ್ಕೆ ಬಂತು.

ಅದೇ ದಿನ ಯಳವತ್ತಿಯ ಹನಮಪ್ಪ ವಿದ್ಯಾಲಯದ ಅಡುಗೆಮನೆಗೆ ಕಟ್ಟಿಗೆ ಹಾಕಲು ಬಂದಿದ್ದ. ಕಲ್ಲು ಗುದ್ದಿದರೆ ಕಲ್ಲೇ ಒಡೆಯುವಂಥ ಆಳು. ದೇವಪ್ಪನವರು ಅವನನ್ನು ‘ಅಭ್ಯಾಸರೋಗಿ’ ಎಂದು ನೇಮಿಸಿಕೊಂಡರು. ಹಾಸಿಗೆ, ಕಂಬಳಿ, ಎರಡೂ ಹೊತ್ತು ಹಾಲು. ಕೆಲಸವೆಂದರೆ ಮಲಗುವುದು, ನರಳುವುದು. ಹಿರಿಯ ನರ್ಸ್ ಖಾತುನಬಿ ಪುಸ್ತಕ ನೋಡಿ ಹೇಳಿಕೊಟ್ಟಂತೆ ಹನಮಪ್ಪ ನಡುಗಿದ. ಸಾವಂತ್ರೆವ್ವ ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಉಸಿರು ಎಣಿಸಿದಳು, ಸೂಜಿ ಕುದಿಸಿ ನೀರಿನ ಇಂಜೆಕ್ಷನ್ ಕೊಟ್ಟಳು. ಹನಮಪ್ಪ ಗುಣವಾದ.

ಆದರೆ ಅಷ್ಟರಲ್ಲಿ ಯಳವತ್ತಿಗೆ ಖಬರ ಮುಟ್ಟಿತ್ತು. ಆ ಸೀಮೆಯಲ್ಲಿ ಒಬ್ಬರು ದವಾಖಾನೆ ಸೇರಿದರೆ ಊರಿಗೆ ಊರೇ ಮಾತಾಡಿಸಲು ಹೋಗಬೇಕು. ಹೋಗದಿದ್ದರೆ ಅದು ಸಾಯುವ ತನಕ ಎತ್ತಾಡುವ ಮಾತಾಗುತ್ತದೆ. ಚಕ್ಕಡಿ ಕಟ್ಟಿಕೊಂಡು, ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಕೆನೆಮೊಸರು ಹಿಡಿದುಕೊಂಡು ಯಳವತ್ತಿ ಬಂದಿತು.

“ಏನಾಗೇತೋ ಹನಮಪ್ಪಾ?”

“ಏನೂ ಆಗಿಲ್ರಿ.”

ಜನ ಮುಖ ಮುಖ ನೋಡಿಕೊಂಡರು. ರೋಗಿಗೇ ಹೇಳಬಾರದಂಥ ರೋಗ ಎಂದು ತಿಳಿದು ಹೆಂಗಸರು ಸೆರಗು ಬಾಯಿಗೆ ಹಚ್ಚಿ ಅತ್ತರು. ಹನಮಪ್ಪನಿಗೂ ಒಂದು ಗಳಿಗೆ ಅನುಮಾನ ಬಂದು ಅವನೂ ಅತ್ತ. ಖಾತುನಬಿಯವರು ಅದನ್ನು ಅಭ್ಯಾಸದ ಪ್ರಗತಿ ಎಂದು ಪರಿಗಣಿಸಿದರು.

ತೊಂದರೆ ಶುರುವಾದದ್ದು ಅವನು ಊರಿಗೆ ಹೋದ ಮೇಲೆ. ಮದುವೆಗೆ ತಂದ ಸೀರೆಗೆ ಮದುವೆಯಲ್ಲೇ ಸೀರೆ ಕೊಟ್ಟು ಮುಯ್ಯಿ ತೀರಿಸುವ ಜನ ಅವರು. ಮಾತಾಡಿಸಲು ಬಂದವರ ಮುಯ್ಯಿಯನ್ನೂ ಮಾತಾಡಿಸಿಯೇ ತೀರಿಸಬೇಕು. ಹನಮಪ್ಪ ಒಂದು ತಿಂಗಳು ಕಾದು ನೋಡಿ ವಿದ್ಯಾಲಯಕ್ಕೆ ಮರಳಿ ಬಂದ.

“ಸಾಹೇಬ್ರ, ಊರಾಗ ತಲಿ ಎತ್ತಿ ಅಡ್ಡಾಡಾಕ ಆಗವಲ್ದು. ಎಲ್ಲಾರೂ ನನ್ನ ಮಾತಾಡ್ಸಿ ಹೋಗ್ಯಾರ. ನಾ ಯಾರನ್ನ ಮಾತಾಡ್ಸಾಕ ಹೋಗ್ಲಿ? ಒಬ್ಬರಿಗೂ ಏನೂ ಆಗವಲ್ದು.”

“ಏನೂ ಆಗಿಲ್ಲ ಅಂತ ಖಾತ್ರಿ ಐತೇನು?” ಎಂದು ದೇವಪ್ಪನವರು ಕೇಳಿದರು.

“ಗುಂಡುಕಲ್ಲಿನಂಗ ಅದಾರ್ರಿ.”

“ಹಂಗಾದ್ರ ಕರಕೊಂಡ ಬಾ.”

ಓಣಿ ಓಣಿಯಾಗಿ ಯಳವತ್ತಿಯವರು ಸೇರಿಕೊಂಡರು. ಅವರನ್ನು ಮಾತಾಡಿಸಲು ಮುಳಗುಂದದ ಬೀಗರು ಬಂದರು. ಯಳವತ್ತಿಯವರು ಆ ಮುಯ್ಯಿ ತೀರಿಸಬೇಕೆಂದರೆ ಮುಳಗುಂದದವರೂ ಮಲಗಬೇಕಾಯಿತು. ಆಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಮೊನ್ನೆ ಮೊನ್ನೆಯವರೆಗೆ ಮಿರಜ ಸಂಸ್ಥಾನದಲ್ಲಿದ್ದ ಲಕ್ಷ್ಮೇಶ್ವರದವರು, ಸಾಂಗಲಿ ಸಂಸ್ಥಾನದಲ್ಲಿದ್ದ ಶಿರಹಟ್ಟಿಯವರ ಪಕ್ಕದಲ್ಲಿ ನರಳಲು ಒಪ್ಪದ್ದರಿಂದ ನಡುವೆ ಒಂದು ಪರದೆ ಕಟ್ಟಲಾಯಿತು. ಹಾಸಿಗೆಗಳು ತುಂಬಿದವು. ಗುಣವಾಗದೆ ಹೋದವರು ಒಬ್ಬರೂ ಇರಲಿಲ್ಲ. ಸರಕಾರದಿಂದ ಪ್ರಶಂಸೆ ಬಂತು. ಗೇಟಿಗೆ ಒಂದು ಹಲಗೆ ಬಿತ್ತು:

‘ಸಾರ್ವಜನಿಕರಿಗೆ ಸೂಚನೆ. ಸ್ಥಳಾವಕಾಶ ಇಲ್ಲದಿರುವುದರಿಂದ ಆರೋಗ್ಯವಂತರಿಗೆ ಮಾತ್ರ ಪ್ರವೇಶ. ರೋಗವುಳ್ಳವರು ಗುಣವಾದ ನಂತರ ಬರತಕ್ಕದ್ದು.’

ಎರಡನೆಯ ವರ್ಷ ಶಸ್ತ್ರಚಿಕಿತ್ಸೆ. ಗಾಯವಿಲ್ಲದ ಕಾಲುಗಳಿಗೆ ಸಾವಂತ್ರೆವ್ವ ಕಟ್ಟಿದ ಪಟ್ಟಿಗಳು ನೋಡುವಂತಿದ್ದವು. ಮೂರನೆಯ ವರ್ಷ ಪ್ರಸೂತಿ. ನಿಜವಾಗಿ ಹೆರುವವರು ಬಾಗಿಲಿಗೆ ಬರುತ್ತಿದ್ದರು, ಆದರೆ ಹೆರಿಗೆಯಲ್ಲಿ ಏನಾದರೂ ಆಗುವ ಸಂಭವ ಇರುವುದರಿಂದ ನಿಯಮ ಅಡ್ಡ ಬಂತು. ಕೊನೆಗೆ ಅನುಭವಸ್ಥನೆಂದು ಹನಮಪ್ಪನೇ ಹೊಟ್ಟೆಗೆ ದಿಂಬು ಕಟ್ಟಿಕೊಂಡ. ಬಂದ ಸುದ್ದಿಯನ್ನು ಬಿಡುವವರಲ್ಲ ಯಳವತ್ತಿಯ ಹೆಂಗಸರು. ಬಸುರಿಗೆ ತರುವ ಕುಬಸವನ್ನು ಅವನಿಗೆ ತಂದರು. ಹೆರಿಗೆ ಸುಸೂತ್ರವಾಯಿತು. ದಿಂಬಿನ ತೂಕ ಬರೆದಿಡಲಾಯಿತು. ಹನಮಪ್ಪ ಮೀಸೆ ಸರಿಸಿಕೊಂಡು ಬಾಣಂತಿಯ ಅಂಟಿನುಂಡಿ ತಿಂದ.

ಸಾವಂತ್ರೆವ್ವ ಎಲ್ಲ ಪಾಠ ಕಲಿತಳು. ಆದರೂ ಕೆಲವು ಸಲ, ಗೇಟಿನ ಹೊರಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತು ನಿಂತು ಹಿಂದಿರುಗುವವರನ್ನು ಕಂಡಾಗ ಅವಳು ಪಠ್ಯ ತೆಗೆದು ಪುಟ ತಿರುವುತ್ತಿದ್ದಳು. ಗೇಟಿನ ಹೊರಗಿನವರಿಗೆ ಅದರಲ್ಲಿ ಉಪಚಾರ ಬರೆದಿರಲಿಲ್ಲ.

ಅಷ್ಟರಲ್ಲಿ ಕರ್ನಾಟಕ ಏಕೀಕರಣವಾಯಿತು. ಊರಿಗೆಲ್ಲ ಸಕ್ಕರೆ ಹಂಚಿದರು. ವಿದ್ಯಾಲಯ ಮುಂಬಯಿ ರಾಜ್ಯದಲ್ಲಿ ಮಲಗಿ ಮೈಸೂರು ರಾಜ್ಯದಲ್ಲಿ ಎದ್ದಿತು. ದೇವಪ್ಪನವರು ಅಂದು ಬೆಳಿಗ್ಗೆ ಅಷ್ಟೂ ಜನರನ್ನು ಮುಂಬಯಿ ರಾಜ್ಯದ ಪರವಾಗಿ ಬಿಡುಗಡೆ ಮಾಡಿ, ಗೇಟಿನ ಹೊರಗೆ ಒಂದು ಸುತ್ತು ಹಾಕಿಸಿ, ಮೈಸೂರು ರಾಜ್ಯದ ಪರವಾಗಿ ಮತ್ತೆ ಸೇರಿಸಿಕೊಂಡರು. ಏಕೀಕರಣ ಇಷ್ಟು ಅಚ್ಚುಕಟ್ಟಾಗಿ ಬೇರೆ ಯಾವ ಇಲಾಖೆಯಲ್ಲೂ ಆಗಲಿಲ್ಲ.

ನಾಲ್ಕನೆಯ ವರ್ಷದ ಕೊನೆಯ ಪರೀಕ್ಷೆಗೆ ಮೈಸೂರು ಕಡೆಯಿಂದ ಒಬ್ಬ ಡಾಕ್ಟರು ಪರೀಕ್ಷಕರಾಗಿ ಬಂದರು. ಸಾವಂತ್ರೆವ್ವನಿಗೆ ಬಂದ ವಿಷಯ ನ್ಯುಮೋನಿಯಾ. ಹನಮಪ್ಪ ಮುಂಜಾನೆಯಿಂದಲೇ ಮಲಗಿ ನಡುಗುತ್ತಿದ್ದ. ಪರೀಕ್ಷಕರು ಚಹಾ ಕುಡಿಯುತ್ತಿದ್ದಾಗ ಗೇಟಿಗೆ ಬೆಳ್ಳಟ್ಟಿಯ ಚಕ್ಕಡಿಯೊಂದು ಬಂದು ನಿಂತಿತು. ಅದರಲ್ಲಿ ಹುಚ್ಚವ್ವ ಇದ್ದಳು. ಮೈ ಕಾದು, ಉಸಿರು ಕಿತ್ತುಕೊಂಡು ಬರುತ್ತಿತ್ತು. ಗಾಡಿ ಹೊಡೆದುಕೊಂಡು ಬಂದ ನೆರೆಮನೆಯ ತಿರಕಪ್ಪನನ್ನು ಗೇಟು ಕಾಯುವ ದಾದಾಪೀರ ನಿಯಮದಂತೆ ಕೇಳಿದ:

“ಏನಾಗೇತಿ?”

“ಜ್ವರ ಬಂದಾವ. ಎದಿ ಹಿಡದೈತಿ.”

“ಹಂಗಾದ್ರ ಬಿಡಾಕ ಬರಂಗಿಲ್ಲ. ಆರಾಮಾದ ಮ್ಯಾಲೆ ಕರಕೊಂಡ ಬಾ.”

ಸಾವಂತ್ರೆವ್ವ ದೇವಪ್ಪನವರ ಹತ್ತಿರ ಓಡಿದಳು.

“ನಮ್ಮ ಆಯಿ ಬಂದಾಳ್ರಿ ಸಾಹೇಬ್ರ. ಉಸುರು ಹತ್ತೇತಿ. ಒಳಗ ಬಿಡಸ್ರಿ.”

“ನೋಡವಾ, ನನಗೂ ಕರಳೈತಿ. ಆದ್ರ ನಿನ್ನ ಕೈಯಾಗ ಆಕಿಗೆ ಹೆಚ್ಚಾತಂದ್ರ ನೀ ಮತ್ತ ಮೊದಲ್ನೇ ವರ್ಷಕ್ಕ ಹೋಗ್ತಿ. ನಿನ್ನ ಸಲುವಾಗೇ ಹೇಳಾಕತ್ತೇನಿ.”

“ಮತ್ತ ಆಕಿ ಎಲ್ಲಿ ಹೋಗ್ಬೇಕ್ರಿ?”

“ಜಡ್ಡಾದವರ ಸಲುವಾಗಿ ಬ್ಯಾರೆ ಎಲ್ಲ್ಯರ ವ್ಯವಸ್ಥಾ ಇರಬೇಕು. ಇದು ದವಾಖಾನಿ.”

ಸಾವಂತ್ರೆವ್ವನಿಗೆ ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು. ಅವಳು ಗೇಟಿಗೆ ಹೋಗಿ ಚಕ್ಕಡಿ ಹತ್ತಿ ಆಯಿಯ ಕಿವಿಯ ಹತ್ತಿರ ಬಾಗಿದಳು.

“ಆಯಿ, ಆರಾಮ ಅದೀನಿ ಅನ್ನಬೇ.”

“ಆರಾಮ ಇದ್ರ ಇಲ್ಲಿಗ್ಯಾಕ ಬರ್ತಿದ್ನೇ, ಹುಚ್ಚಿ?”

“ಇಲ್ಲಿ ಹಂಗ ಅಂದ್ರ ಒಳಗ ಬಿಡ್ತಾರ.”

“ನಾಕ ವರ್ಷ ಕುಂತು ಇದನ್ನ ಕಲ್ತೇನು?”

ಮೊಮ್ಮಗಳ ಕಣ್ಣಲ್ಲಿ ನೀರು ಕಂಡು ಮುದುಕಿ ತಿರಕಪ್ಪನ ತೋಳು ಹಿಡಿದು ಎದ್ದು ಕೂತಳು. ಇದ್ದಬಿದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ದಾದಾಪೀರನಿಗೆ ಹೇಳಿದಳು: “ನನಗೇನ ಧಾಡಿ ಆಗೇತಿ? ಆರಾಮ ಅದೀನಿ!” ಹೇಳಿ ಮುಗಿಸಿ ಕೆಮ್ಮಿದಳು. ಕೆಮ್ಮಿದವಳು ನಿಲ್ಲಿಸಲೇ ಇಲ್ಲ.

“ಚಲೋ ಕಲ್ತ ಬಂದೀರಿ ಬೇ,” ಎಂದು ದಾದಾಪೀರ ಗೇಟು ತೆಗೆದ.

ಹಾಸಿಗೆ ಬಿಡಲು ಹೇಳಿದಾಗ ಹನಮಪ್ಪನಿಗೆ ಬೇಜಾರಾಯಿತು. “ಮುಂಜಾನಿಂದ ನಡಗಾಕತ್ತೇನಿ, ಈಗ ಏಳು ಅಂದ್ರ ಹ್ಯಾಂಗ ತಂಗಿ?” ಎಂದ. ಆಮೇಲೆ ಮುದುಕಿಯ ಮುಖ ನೋಡಿದ. ಎದ್ದು, ತನ್ನ ಕಂಬಳಿಯನ್ನು ಅವಳಿಗೆ ಹೊದಿಸಿದ. “ಇಷ್ಟ ಚಲೋ ನನಗ ಬರಂಗಿಲ್ಲ,” ಎಂದಷ್ಟೇ ಹೇಳಿ ಹೊರಗೆ ಹೋದ.

ಪರೀಕ್ಷಕರು ಬಂದು ಮುದುಕಿಯ ಹಣೆ ಮುಟ್ಟಿ ಕೈ ಹಿಂದೆಗೆದರು.

“ಏನ್ರೀ ಇದು, ಮೈ ಸುಡ್ತಾ ಇದೆಯಲ್ಲ! ಎದೆಯಲ್ಲಿ ಗೊರಗೊರ ಬೇರೆ. ಹೇಗ್ರೀ ಮಾಡಿಸಿದ್ರಿ?”

ದೇವಪ್ಪನವರ ಮುಖ ಬಿಳಿಚಿತು. ಆದರೆ ಹೊಗಳಿಕೆಯನ್ನು ತಿರಸ್ಕರಿಸುವ ಅಧಿಕಾರ ಅವರಿಗೆ ಇರಲಿಲ್ಲ. “ನಮ್ಮಲ್ಲಿ ತರಬೇತಿ ಹಂಗೈತ್ರಿ,” ಎಂದರು.

ಸಾವಂತ್ರೆವ್ವ ಆಯಿಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಉಸಿರು ಎಣಿಸಿದಳು. ಸೂಜಿ ಕುದಿಯಲಿಟ್ಟು ಕೇಳಿದಳು: “ಇಂಜೆಕ್ಷನ್ ನೀರಿಂದು ಕೊಡ್ಲ್ಯೋ, ಪೆನಿಸಿಲಿನ್ನ ಕೊಡ್ಲ್ಯೋ, ಸರ್?”

“ಪರೀಕ್ಷೆ ಅಂದ್ಮೇಲೆ ಪೆನಿಸಿಲಿನ್ನೇ ಕೊಡಮ್ಮ. ನೀರು ಯಾರು ಬೇಕಾದ್ರೂ ಕೊಡ್ತಾರೆ.”

“ಔಷಧದ ಕಪಾಟಿನ ಮ್ಯಾಲೆ ಮುಂಬೈ ಸರಕಾರದ ಸೀಲ್ ಐತ್ರಿ,” ಎಂದರು ದೇವಪ್ಪನವರು. “ಅದನ್ನ ಒಡ್ಯಾಕ ನಮಗ ಬರಂಗಿಲ್ಲ.”

“ಮುಂಬಯಿ ಸರ್ಕಾರ ಈಗ ಎಲ್ಲಿದೆ ಸ್ವಾಮಿ?”

“ಮುಂಬೈದಾಗ ಐತ್ರಿ.”

“ಅಲ್ಲಿಂದ ಅದಕ್ಕೆ ಕಾಣಿಸಲ್ಲ. ಒಡೀರಿ.”

ಕಪಾಟು ತೆರೆಯಿತು. ಸಾವಂತ್ರೆವ್ವ ಆಯಿಗೆ ಪೆನಿಸಿಲಿನ್ ಚುಚ್ಚಿದಳು. ಇಂಥ ರೋಗಿ ಒಬ್ಬಳಿಗೇ ಸಿಕ್ಕರೆ ಉಳಿದವರಿಗೆ ಅನ್ಯಾಯವಾಗುತ್ತದೆಂದು ಪರೀಕ್ಷಕರು ಪರೀಕ್ಷೆಯನ್ನು ಮುಂದುವರಿಸಿದರು. ಒಂದೊಂದು ಪಾಳಿಗೆ ಒಬ್ಬೊಬ್ಬ ವಿದ್ಯಾರ್ಥಿನಿ ಹುಚ್ಚವ್ವನ ಉಪಚಾರ ಮಾಡಿದಳು, ಹೊತ್ತು ಹೊತ್ತಿಗೆ ಇಂಜೆಕ್ಷನ್ ಕೊಟ್ಟಳು. ಇಡೀ ಮೈಸೂರು ರಾಜ್ಯದಲ್ಲಿ ಆ ವಾರ ಅಷ್ಟು ಆರೈಕೆ ಪಡೆದ ರೋಗಿ ಇನ್ನೊಬ್ಬಳಿದ್ದಿರಲಾರಳು, ಅವಳು ರೋಗಿ ಅಲ್ಲವೆಂಬುದು ದಾಖಲೆಯಲ್ಲಿ ಇತ್ತಾದರೂ. ಕೊನೆಯ ದಿನ ಹುಚ್ಚವ್ವ ಎದ್ದು ಕೂತು ನುಚ್ಚು ಮಜ್ಜಿಗೆ ಕೇಳಿದಳು. ರೋಗಿಯ ಅಭಿನಯ ಬಹಳ ಸಪ್ಪೆಯಾಯಿತೆಂದು ಪರೀಕ್ಷಕರು ಅಂದಿನ ಹುಡುಗಿಗೆ ಅಂಕ ಕಡಿಮೆ ಮಾಡಿದರು.

“ಅಭಿನಯ ನಿಮ್ಮಪ್ಪಂದು!” ಎಂದು ಹುಚ್ಚವ್ವ ಬೈದಳು. ಆ ಬೈಗುಳ ಗುಣವಾದ ಲಕ್ಷಣವೆಂದು ದಾಖಲಾಯಿತು.

ಸಾವಂತ್ರೆವ್ವ ಪ್ರಥಮಳಾಗಿ ಪಾಸಾದಳು. ಹೊರಡುವ ದಿನ ದೇವಪ್ಪನವರು ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ಖರೆ ಹೇಳವಾ. ನಿಮ್ಮ ಆಯಿಗೆ ಜ್ವರ ಬಂದಿದ್ವೇನು?”

“ಇಲ್ರಿ ಸಾಹೇಬ್ರ. ನಾಟಕರಿ.”

“ನಾ ಬದುಕಿದೆ,” ಎಂದು ದೇವಪ್ಪನವರು ಬಾಗಿಲು ತೆಗೆದರು.

ಗೇಟಿನಲ್ಲಿ ಏನು ಹೇಳಬೇಕೆಂಬುದು ಸಂತೆಯಿಂದ ಸಂತೆಗೆ ಹಬ್ಬಿತು. ಚೇಳು ಕಡಿದವರು, ಬೇನೆ ತಿನ್ನುವ ಗರ್ಭಿಣಿಯರು, ಹೊತ್ತು ತಂದ ಮುದುಕರು ಎಲ್ಲರೂ ದಾದಾಪೀರನೆದುರು ಆರಾಮ ಇರುವುದಾಗಿ ಹೇಳಿ ಒಳಗೆ ಹೋಗತೊಡಗಿದರು. ಬಹಳ ಜನ ಬದುಕಿದರು. ಕೆಲವು ಆರೋಗ್ಯವಂತರು ತೀರಿಕೊಂಡರು, ಆದರೆ ಅದರಿಂದ ರೋಗಿಗಳ ಅಂಕಿಸಂಖ್ಯೆಗೆ ಧಕ್ಕೆ ಬರಲಿಲ್ಲ.

ಬೆಳ್ಳಟ್ಟಿಯ ಚಾವಡಿಯ ಪಕ್ಕ ದವಾಖಾನೆ ಶುರುವಾಯಿತು. ಬಾಗಿಲಲ್ಲಿ ಹುಚ್ಚವ್ವ ಯಾರ ನೇಮಕವೂ ಇಲ್ಲದೆ ಕೂತಳು. ಮರುವರ್ಷ ದೇವಪ್ಪನವರು ಅದರ ತಪಾಸಣೆಗೆಂದು ಬಿಸಿಲಲ್ಲಿ ಬಂದು ಇಳಿದವರು, ಹೊಸ್ತಿಲ ಹತ್ತಿರ ಎದೆ ಹಿಡಿದುಕೊಂಡು ನಿಂತುಬಿಟ್ಟರು. ಮೈಯೆಲ್ಲ ಬೆವರು, ತುಟಿ ನೀಲಿಯಾಗಿತ್ತು.

“ಏನಾಗೇತ್ರಿ ಸಾಹೇಬ್ರ?” ಎಂದು ಹುಚ್ಚವ್ವ ಕೇಳಿದಳು.

ದೇವಪ್ಪನವರು ಕೋಟಿನ ಗುಂಡಿ ಹಾಕಿಕೊಳ್ಳಲು ನೋಡಿದರು, ಆಗಲಿಲ್ಲ. ಗೋಡೆಗೆ ಆತುಕೊಂಡರು.

“ಏನೂ ಆಗಿಲ್ಲಬೇ,” ಎಂದರು. “ಆರಾಮ ಅದೀನಿ.”

“ಹಂಗಾದ್ರ ಒಳಗ ಬರ್ರಿ,” ಎಂದು ಮುದುಕಿ ಸರಿದು ದಾರಿ ಬಿಟ್ಟಳು. ಒಳಗೆ ಸಾವಂತ್ರೆವ್ವ ಆಗಲೇ ಹಾಸಿಗೆ ಕೊಡವಿ, ಸೂಜಿ ಕುದಿಸಲು ನೀರು ಇಟ್ಟಿದ್ದಳು.