ತೊರಕೆಗೆ ಜೊತೆಗಾರ ಬೇಕಾಗಿದ್ದಾನೆ

ಮೀನಿನ ವಿಷಯದಲ್ಲಿ ನನ್ನ ತಿಳಿವಳಿಕೆಯೆಲ್ಲ ಊಟದ ತಟ್ಟೆಗೆ ಸಂಬಂಧಿಸಿದ್ದು. ಬಂಗಡೆಗೆ ಹುಳಿ ಎಷ್ಟು, ಶೆಟ್ಲಿಗೆ, ಅಂದರೆ ಸಿಗಡಿಗೆ, ಖಾರ ಎಷ್ಟು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಿಯೇನು. ಅದನ್ನು ಜೀವಂತವಾಗಿ ಮನೆಯಲ್ಲಿಟ್ಟುಕೊಂಡು, ಹೊತ್ತುಹೊತ್ತಿಗೆ ಉಣಿಸಿ, ಬೇಸರ ಬಂದಿದೆಯೋ ಏನೋ ಎಂದು ಅದರ ಮುಖ ನೋಡುತ್ತ ಕೂರುವುದು ನಮ್ಮ ಕರಾವಳಿಯವರ ಜಾಯಮಾನವಲ್ಲ. ಹಾಗಿದ್ದೂ ಹೊನ್ನಾವರದ ನಮ್ಮ ಮನೆಯ ಊಟದ ಕೋಣೆಯಲ್ಲಿ ಈಗ ಒಂದು ತೊರಕೆ ಮೀನು ವಾಸವಾಗಿದೆ. ಸಮುದ್ರದ್ದಲ್ಲ, ಯಾವುದೋ ದೂರದೇಶದ ಹೊಳೆಯದು. ರೊಟ್ಟಿಯಂತೆ ಗುಂಡಗೆ, ಚಪ್ಪಟೆಯಾಗಿ, ಮೈಮೇಲೆ ಬಿಳಿ ಚುಕ್ಕೆಗಳಿಟ್ಟುಕೊಂಡು, ಬಾಲದಲ್ಲೊಂದು ವಿಷದ ಮುಳ್ಳು ಹೊತ್ತುಕೊಂಡಿದೆ. ಅದು ಮರಳಿನೊಳಗೆ ಹುಗಿದುಕೊಂಡು ಎರಡು ಕಣ್ಣು ಮಾತ್ರ ಹೊರಗೆ ಬಿಟ್ಟು ನನ್ನನ್ನೇ ನೋಡುತ್ತಿರುವಾಗ ನನಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

ತಂದದ್ದು ನಾನೇ, ಯಾರನ್ನು ದೂರಲಿ? ಭಟ್ಕಳದ ನನ್ನ ಹಳೆಯ ಸ್ನೇಹಿತ ಮುನೀರ್ ಮನೆಗೆ ಬೀಗ ಹಾಕಿ ಮಗಳಿದ್ದಲ್ಲಿಗೆ ದುಬೈಗೆ ಹೊರಟಿದ್ದ. "ನಿನ್ನಷ್ಟು ತಾಳ್ಮೆಯ ಮನುಷ್ಯ ನನಗೆ ಸಿಗುದಿಲ್ಲ ಭಾಯ್, ಇದನ್ನು ನೀನೇ ಇಟ್ಕೊ" ಅಂದ. ಹೊಗಳಿದರೆ ನಾನು ಏನು ಬೇಕಾದರೂ ಹೊತ್ತುಕೊಂಡು ಬರುವವನು. ಮಂಚದಷ್ಟು ಅಗಲದ ಗಾಜಿನ ತೊಟ್ಟಿ ಗೂಡ್ಸ್ ರಿಕ್ಷಾದಲ್ಲಿ ಬಂತು, ತೊರಕೆ ನೀಲಿ ಡ್ರಮ್ಮಿನಲ್ಲಿ ಬಂತು. ಪಕ್ಕದ ಮನೆಯವರು ಬೇಲಿಯಿಂದ ಇಣುಕಿ, "ಎಂತ, ಸುಕ್ಕ ಮಾಡುದಾ?" ಎಂದು ಆಸೆಯಿಂದ ಕೇಳಿದರು. ತೊಟ್ಟಿಯ ಮೋಟರಿಗೆ ಬೇಕಾದ ಪ್ಲಗ್ಗು ಊಟದ ಕೋಣೆಯ ಒಂದೇ ಗೋಡೆಯಲ್ಲಿತ್ತು. ಹೀಗಾಗಿ ನನ್ನ ಮಾವನವರು ಬದುಕಿರುವಾಗ ಮಣೆ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದ ಜಾಗದಲ್ಲೇ ಅದನ್ನಿಟ್ಟೆವು. ಇದರಲ್ಲಿ ಬೇರೆ ಉದ್ದೇಶ ಏನೂ ಇರಲಿಲ್ಲ, ದೇವರಾಣೆ.

ಮಾವನವರ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಮನೆಯಳಿಯ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಾವನವರಿಗೆ ಶಾಂತಲಾ ಒಬ್ಬಳೇ ಮಗಳು. ಮದುವೆಯಾದ ಮೇಲೆ ನಮಗೆ ಮಾಳಿಗೆಯ ಕೋಣೆ ಕೊಟ್ಟರು. ಅಲ್ಲಿಂದ ಅವರು ತೀರಿಕೊಳ್ಳುವವರೆಗೆ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಮೇಲಿನವ ಬಂದ್ನಾ?" "ಮೇಲಿನವಂಗೆ ಚಾ ಕೊಟ್ರಾ?" ಎಂದು ಗೋಡೆಯನ್ನು ಮಾತಾಡಿಸುವಂತೆ ಕೇಳುತ್ತಿದ್ದರು. ಮಧ್ಯಾಹ್ನ ಆಫೀಸಿನಿಂದ ಊಟಕ್ಕೆ ಬಂದರೆ ನಾನು ಹೊರಗಿನ ಮೆಟ್ಟಿಲು ಹತ್ತಿ ಸೀದಾ ಮೇಲೆ ಹೋಗಿ, ಅವರ ಊಟ ಮುಗಿಯುವ ತನಕ ಹಸಿದುಕೊಂಡು ಹಲಗೆಯ ನೆಲದ ಮೇಲೆ ಅತ್ತಿತ್ತ ತಿರುಗುತ್ತಿದ್ದೆ. ಅವರೆದುರು ಕೂತು ಉಣ್ಣುವ ಧೈರ್ಯ ಯಾರಿಗಿತ್ತು ಮಾರಾಯ್ರೆ! ಕಾಲು ಸೋತು ನಾನು ಒಂದು ಗಳಿಗೆ ನಿಂತರೆ ಸಾಕು, ಕೆಳಗಿನಿಂದ ಕೊಡೆಯ ಹಿಡಿಕೆಯಲ್ಲಿ ಕಂಬಕ್ಕೆ ಟಕ್ ಟಕ್ ಎಂದು ಬಡಿಯುತ್ತಿದ್ದರು. ನನ್ನ ನಡಿಗೆಯ ಸದ್ದಿಗೆ ರೇಗಿದರೆಂದು ನಾನು ಉಸಿರು ಹಿಡಿದು ಅಲ್ಲೇ ಕಲ್ಲಾಗುತ್ತಿದ್ದೆ. ಅವರು ಮತ್ತೂ ಬಡಿಯುತ್ತಿದ್ದರು.

ತೊರಕೆ ಬಂದ ದಿನ ಮಟಮಟ ಮಧ್ಯಾಹ್ನ, ಅತ್ತೆ ಕೈಯಲ್ಲಿ ಸೌಟು ಹಿಡಿದು ಅಡುಗೆಮನೆಯಿಂದ ಹೊರಗೆ ಬಂದರು. ಅಲ್ಲಿಯವರೆಗೆ ಮರಳಿನಲ್ಲಿ ಬಿದ್ದುಕೊಂಡಿದ್ದ ಅದು ಮೆಲ್ಲಗೆ ಎದ್ದು, ಗಾಜಿಗೆ ಹೊಟ್ಟೆ ಅಂಟಿಸಿಕೊಂಡು ಮೇಲೆ ಸರಿಯಿತು. ತೊರಕೆಯ ಅಡಿಭಾಗವನ್ನು ನೀವು ನೋಡಿದ್ದೀರೋ ಇಲ್ಲವೋ. ಅಲ್ಲಿ ಒಂದು ಮುಖ ಇರುತ್ತದೆ. ಕಣ್ಣಿನಂತೆ ಕಾಣುವುದು ಮೂಗಿನ ಹೊಳ್ಳೆಗಳು ಎಂದು ಗೊತ್ತಿದ್ದರೂ ಎದೆ ಧಸಕ್ಕೆನ್ನುತ್ತದೆ. ಬಿಳಿಚಿದ ಬೋಳು ಮುಖ, ಚಿಕ್ಕ ಚಿಕ್ಕ ಕಣ್ಣು, ಗಿರಾಕಿ ಚೌಕಾಸಿ ಮಾಡಿದಾಗ ಮಾವನವರ ತುಟಿಯಲ್ಲಿ ಕಾಣುತ್ತಿದ್ದ ಅದೇ ನಗು. ಅತ್ತೆ ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬಾಗಿಲ ಮರೆಯಿಂದ ಸಣ್ಣ ದನಿಯಲ್ಲಿ, "ಶಾಂತಲಾ, ಬಂದ್ರು" ಎಂದರು.

"ಯಾರು ಬಂದ್ರು ಅಮ್ಮ?"

"ಊಟಕ್ಕೆ."

ನಗುತ್ತೀರಿ. ನಾನೂ ಆ ದಿನ ನಕ್ಕೆ. ಆದರೆ ಅತ್ತೆ ಮದುವೆಯಾದಂದಿನಿಂದ ಗಂಡ ಉಂಡ ಮೇಲಲ್ಲದೆ ಅನ್ನದ ಅಗುಳು ಬಾಯಿಗೆ ಹಾಕಿದವರಲ್ಲ. ಮಾವನವರು ಹೋದ ಮೇಲೆ ಯಾವಾಗ ಉಣ್ಣಬೇಕೆಂಬುದೇ ತಿಳಿಯದೆ, ಒಮ್ಮೊಮ್ಮೆ ಉಣ್ಣದೆಯೇ ಎದ್ದು ಹೋಗುತ್ತಿದ್ದರು. ತೊರಕೆ ಬಂದ ಮೇಲೆ ಮನೆಗೊಂದು ಕ್ರಮ ಬಂತು. ಶೆಟ್ಲಿ ಸುಲಿದು, ತೊಳೆದು, ತೊಟ್ಟಿಯ ಹತ್ತಿರ ನಿಂತು "ಆತು, ಬನ್ನಿ" ಎನ್ನುತ್ತಿದ್ದರು. ಅದು ಮರಳು ಕೊಡವಿಕೊಂಡು ಎದ್ದು ಬರುತ್ತಿತ್ತು. ಅದು ಉಂಡಿತೆಂದರೆ ಇವರೂ ಹೊಟ್ಟೆತುಂಬ ಉಂಡರೆಂದೇ ಲೆಕ್ಕ. ನಾನು ಅದೇ ಧಾಟಿಯಲ್ಲಿ ಕರೆದು ನೋಡಿದೆ, ಇನ್ನಷ್ಟು ಆಳಕ್ಕೆ ಹುಗಿದುಕೊಂಡಿತು.

ಕೆಲವು ದಿನ ಕಳೆದು ತೊರಕೆ ಊಟ ಬಿಟ್ಟಿತು. ಎಷ್ಟು ಕರೆದರೂ ಕಣ್ಣು ಪಿಳುಕಿಸುತ್ತ ಬಿದ್ದಿರುತ್ತಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲಿನ ಮಾತ್ರೆ ನುಂಗಿ, ತಟ್ಟೆ ಮುಚ್ಚಿಟ್ಟು ತೊಟ್ಟಿಯ ಮುಂದೆ ಕೂತರೆಂದರೆ ಕೂತರೇ. ಸಕ್ಕರೆ ಇಳಿದು ಕೈ ನಡುಗತೊಡಗಿದರೂ ಏಳುವುದಿಲ್ಲ.

"ಅಮ್ಮ, ಅದು ಮೀನು!" ಎಂದು ಶಾಂತಲಾ ಚೀರಿದಳು.

"ನಾ ಎಂತ ಮೀನಲ್ಲ ಅಂದ್ನಾ? ಅವ್ರು ಉಣ್ಲಿ, ಆಮೇಲೆ ನಾ."

ಬಲವಂತವಾಗಿ ಬೆಲ್ಲದ ನೀರು ಕುಡಿಸಿ, ನಾನು ಮುನೀರನಿಗೆ ಫೋನು ಮಾಡಿದೆ. "ಅರೇ, ಹೇಳುದು ಮರ್ತೋಯ್ತು. ಮೊದ್ಲು ಅದ್ರ ಜೊತೆ ಇನ್ನೊಂದು ಮೀನು ಇತ್ತು. ಜೊತೆ ಇಲ್ಲಾಂದ್ರೆ ಅದು ತಿನ್ನುದಿಲ್ಲ ಭಾಯ್" ಅಂದ. ಅತ್ತೆಗೆ ಹೇಳಿದರೆ ಸ್ವಲ್ಪವೂ ಆಶ್ಚರ್ಯಪಡದೆ, "ಗೊತ್ತಿದ್ದದ್ದೇ. ಇವ್ರು ಯಾವಾಗ ಒಬ್ರೇ ಉಂಡವ್ರು?" ಎಂದುಬಿಟ್ಟರು. ಅವರು ಇನ್ನೊಬ್ಬರ ಜೊತೆ ಉಂಡದ್ದನ್ನು ನಾನಂತೂ ಕಂಡಿರಲಿಲ್ಲ. ವಾದಿಸುವ ಹೊತ್ತಲ್ಲವೆಂದು ಜೊತೆಗೊಂದು ಮೀನು ಹುಡುಕಲು ಹೊರಟೆ.

ಕುಮಟೆಯಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ನಾಗೇಶ ಹಿಂದಿನ ಜನ್ಮದಲ್ಲಿ ಮದುವೆಯ ದಳ್ಳಾಳಿಯಾಗಿದ್ದಿರಬೇಕು. "ಹೊಂದಾಣಿಕೆ ಮುಖ್ಯ ಸರ್. ಇವು ತೀರಾ ಸಾಧು" ಎಂದು ಹೇಳಿ ಕೆಂಪು ಗೀಟಿನ ಪುಟ್ಟ ಮೀನುಗಳ ಒಂದು ಹಿಂಡನ್ನೇ ಕಟ್ಟಿಕೊಟ್ಟ. ಮಧ್ಯಾಹ್ನ ಎಲ್ಲರೂ ಅಡ್ಡಾಗಿ ಎದ್ದು ನೋಡಿದರೆ ತೊಟ್ಟಿ ಖಾಲಿ. ಒಂದು ಮುಳ್ಳಿಲ್ಲ, ಒಂದು ರೆಕ್ಕೆ ಇಲ್ಲ, ನೀರು ಕೂಡ ಕದಡಿರಲಿಲ್ಲ. ಮರಳಿನಲ್ಲಿ ಎರಡು ಕಣ್ಣು ಮಾತ್ರ ಇದ್ದವು. "ಸಣ್ಣವ್ರು ಎದುರಿಗೆ ಸುಳಿದಾಡಿದ್ರೆ ಇವ್ರಿಗೆ ಆಗ್ತಿರ್ಲಿಲ್ಲ" ಎಂದು ಅತ್ತೆ ತಟ್ಟೆಗೆ ಕೈ ಹಾಕಿದರು. ಆ ಒಂದು ಹೊತ್ತು ಊಟವೇನೋ ಆಯಿತು. ಆದರೆ ಜೊತೆಗಾರನ ಜಾಗ ಮತ್ತೆ ಖಾಲಿ.

ಮುಂದಿನ ಸಲ ನಾಗೇಶ ಗಾಜು ಸ್ವಚ್ಛ ಮಾಡುವ ಮೀನು ಕೊಟ್ಟ. ಅದು ಗಾಜನ್ನು ಬಿಟ್ಟು ತೊರಕೆಯ ಬೆನ್ನಿಗೇ ಬಾಯಿ ಅಂಟಿಸಿ ಕೂತು ಮೈಯ ಲೋಳೆಯನ್ನೆಲ್ಲ ಹೀರತೊಡಗಿತು. ತೊರಕೆ ತೊಟ್ಟಿಯ ತುಂಬ ಹುಚ್ಚು ಹಿಡಿದಂತೆ ಸುತ್ತಿತು. ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಇದು ಇವ್ರ ತಮ್ಮನೇ ಸೈ! ಎರಡು ದಿನಕ್ಕೆ ಅಂತ ಬಂದು ಇವ್ರ ಮೈ ಮೇಲೇ ಬದುಕಿದ! ತೆಗೀರಿ ಅದ್ನ!" ಎಂದು ಕೂಗಿದರು. ತೆಗೆದೆ. ಆಮೇಲೆ ಬಂದದ್ದು ಹಣೆ ಉಬ್ಬಿದ, ಗರ್ವಿಷ್ಠ ಕೆಂಪು ಮೀನು. ಬಂದವನೇ ತೊರಕೆಯ ಕಣ್ಣು ಕುಕ್ಕಲು ಹೋದ. ಮಾರನೆಯ ಮಧ್ಯಾಹ್ನ ಹೊಟ್ಟೆಯಲ್ಲೊಂದು ಸಣ್ಣ ತೂತಿನೊಂದಿಗೆ ನೀರಿನ ಮೇಲೆ ತೇಲುತ್ತಿದ್ದ. ತೊರಕೆ ಗಾಜಿಗೆ ಅಂಟಿಕೊಂಡು ನಗುತ್ತಿತ್ತು. "ಎದುರುತ್ತರ ಕೊಟ್ಟಿರ್ಬೇಕು" ಎಂದರು ಅತ್ತೆ. ಶಾಂತಲಾ ಮಾತ್ರ ನನ್ನನ್ನು ಅಡುಗೆಮನೆಗೆ ಎಳೆದು, "ಹೌದ್ರಾ, ನಂಗೆ ಹೆದ್ರಿಕೆ ಆಗ್ತದೆ. ಇನ್ನೊಂದು ಮೀನು ಸತ್ರೆ ಈ ತೊಟ್ಟಿ ಮನೇಲಿ ಬೇಡ" ಎಂದು ಖಂಡಿತವಾಗಿ ಹೇಳಿದಳು. ತೊಟ್ಟಿ ಹೋದರೆ ಅತ್ತೆ ಉಣ್ಣುವುದು ಯಾರು ಉಂಡ ಮೇಲೆ? ನನಗೆ ನಿಜವಾಗಿ ಭಯವಾಯಿತು.

ಈ ಸಲ ನಾಗೇಶನಿಗೇ ನಾಚಿಕೆಯಾಗಿರಬೇಕು. ಅಂಗಡಿಯ ಮೂಲೆಯಲ್ಲಿ ಯಾರೂ ಕೊಳ್ಳದೆ ಉಳಿದಿದ್ದ ಉದ್ದನೆಯ ಬೆಳ್ಳಿಬಣ್ಣದ ಅರೋವಾನಾ ಎಂಬ ಮೀನನ್ನು ತೋರಿಸಿದ. "ಇದು ನುಂಗಲಿಕ್ಕೆ ಆಗದಷ್ಟು ದೊಡ್ಡದು. ಯಾವಾಗ್ಲೂ ನೀರಿನ ಮೇಲ್ಗಡೆಯೇ. ತಳಕ್ಕೆ ಇಳಿಯುದೂ ಇಲ್ಲ, ಇನ್ನೊಬ್ರ ಉಸಾಬರಿಗೆ ಹೋಗುದೂ ಇಲ್ಲ" ಅಂದ. ಮನೆಗೆ ತಂದು ಬಿಟ್ಟೆವು. ಅದು ತುಟಿ ಇಳಿಬಿಟ್ಟುಕೊಂಡು ಮೇಲುಗಡೆ ಆ ತುದಿಯಿಂದ ಈ ತುದಿಗೆ ಸುಮ್ಮನೆ ತಿರುಗತೊಡಗಿತು. ಕೆಳಗೆ ಮರಳು ಅಲುಗಿತು. ಅತ್ತೆ "ಆತು, ಬನ್ನಿ" ಎಂದರು. ತೊರಕೆ ಎದ್ದು ಬಂದು ಉಂಡಿತು!

ಅಂದಿನಿಂದ ಮನೆಯಲ್ಲಿ ಹಬ್ಬ. ಶಾಂತಲಾ ಅರೋವಾನಾವನ್ನು ನೋಡುತ್ತ ನಿಂತವಳು ಒಮ್ಮೆಲೇ ಕಿಸಕ್ಕೆಂದು ನಕ್ಕು, "ನಿಮ್ದೇ ಮುಖ" ಅಂದಳು. ಆ ಮೀನಿಗೆ ಅತ್ತೆ ಇಟ್ಟ ಹೆಸರು ನನ್ನ ಕಿವಿಗೂ ಬಿತ್ತು. ಮೇಲಿನವ! ಒಂದು ಮೀನಿಗೆ ನನ್ನ ಪಟ್ಟ ಹೋಯಿತೆಂದು ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಆ ಪಟ್ಟ ಬಹಳ ದಿನ ಬಾಳಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಶೆಟ್ಲಿ ಹಾಕಲು ಮುಚ್ಚಳ ತೆಗೆದಿದ್ದರು. ಅದೇ ಹೊತ್ತಿಗೆ ಗುಡುಗು ಸಿಡಿದು ಕರೆಂಟು ಹೋಯಿತು. ಅರೋವಾನಾ ಬೆದರಿ ಒಂದೇ ನೆಗೆತಕ್ಕೆ ಹೊರಗೆ ಹಾರಿತು. ನಾನು ಆಫೀಸಿನಿಂದ ಬರುವಾಗ ಅದು ಅಕ್ಕಿ ಡಬ್ಬದ ಹಿಂದೆ ಸಿಕ್ಕಿಕೊಂಡು ಸತ್ತೇ ಹೋಗಿತ್ತು. ಶಾಂತಲಾ ಹೊರಗೆ ನಿಂತು ತೊಟ್ಟಿ ಸಾಗಿಸಲು ರಿಕ್ಷಾದವನಿಗೆ ಫೋನು ಮಾಡುತ್ತಿದ್ದಳು. ಒಳಗೆ ಮಬ್ಬುಗತ್ತಲೆ. ಅತ್ತೆ ಮಾತ್ರೆ ನುಂಗಿ ಮುಚ್ಚಿದ ತಟ್ಟೆಯ ಮುಂದೆ ಕೂತಿದ್ದರು. ಹಣೆಯಲ್ಲಿ ಬೆವರು, ಕೈ ನಡುಕ, ಬೆಲ್ಲದ ನೀರು ಕೊಟ್ಟರೆ ಬಾಯಿ ಬಿಗಿಹಿಡಿದರು. ಮರಳಿನಲ್ಲಿ ಎರಡು ಕಣ್ಣು.

"ಅತ್ತೇ, ನಿಮ್ಮ ಕಾಲಿಗೆ ಬೀಳ್ತೇನೆ, ಒಂದು ತುತ್ತು ಉಣ್ಣಿ" ಎಂದೆ.

ಅವರು ನನ್ನನ್ನು ನೋಡಿದರು. "ನೀವು ಒಂಚೂರು ಮೇಲೆ ಹೋಗಿ ಅತ್ತಿತ್ತ ನಡೀರಿ."

"ಎಂತಕೆ?"

"ನಿಮ್ಮ ಹೆಜ್ಜೆ ಸದ್ದು ಕೇಳಿದ್ರೇ ಇವ್ರು ತುತ್ತು ಎತ್ತೂದು. ಅಳಿಯ ಮನೇಲಿದ್ದಾನೆ ಅಂತ ಒಂದು ಸಮಾಧಾನ. ಸದ್ದು ನಿಂತ್ರೆ ಕೊಡೆ ತಕ್ಕೊಂಡು ಬಡಿತಿದ್ರು, ನಡಿ ಅಂತ. ಬಡಿದ ಕೂಡ್ಲೇ ನೀವು ಮತ್ತೂ ಗಪ್ಪಾಗ್ತಿದ್ರಿ. ಇವ್ರು ಅರ್ಧ ಊಟಕ್ಕೇ ಎದ್ದು ಹೋಗ್ತಿದ್ರು."

ಮೆಟ್ಟಿಲು ಹತ್ತಿ ಹೋಗಿ ಹಲಗೆಯ ಮೇಲೆ ಅತ್ತಿತ್ತ ನಡೆಯತೊಡಗಿದೆ, ಕಣ್ಣು ಮಂಜಾಗಿ ದಾರಿ ಕಾಣುತ್ತಿರಲಿಲ್ಲ. ಕೆಳಗೆ ನೀರು ಬುಳುಕ್ಕೆಂದಿತು. "ಹಾಂ, ಎತ್ತಿದ್ರು" ಎಂದ ಅತ್ತೆಯ ದನಿ, ಅದರ ಬೆನ್ನಿಗೇ ತಟ್ಟೆಯ ಮುಚ್ಚಳ ಸರಿಸಿದ ಸದ್ದು ಕೇಳಿತು.

ರಿಕ್ಷಾದವನಿಗೆ ಬರಬೇಡವೆಂದು ಹೇಳಿದೆವು. ನಾಗೇಶ ಆಗಾಗ ಫೋನು ಮಾಡಿ ಹೊಸ ಸಂಬಂಧಗಳ ಸುದ್ದಿ ಹೇಳುತ್ತಾನೆ. ಜೊತೆ ಸಿಕ್ಕಿತು, ಇನ್ನು ಬೇಡ ಎನ್ನುತ್ತೇನೆ. ನುಂಗಲಾಗದಷ್ಟು ದೊಡ್ಡದು, ತಳಕ್ಕಿಳಿಯುವುದಿಲ್ಲ, ಎದುರುತ್ತರವಿಲ್ಲ, ಹೊರಗೆ ಹಾರುವ ಧೈರ್ಯವಂತೂ ಮೊದಲೇ ಇಲ್ಲ. ಮೊನ್ನೆ ಮಾತ್ರ, ಇದೆಲ್ಲ ಅತ್ತೆಯ ಭ್ರಮೆಯೋ ಏನೋ ನೋಡೋಣವೆಂದು, ನಡೆಯುತ್ತಿದ್ದವನು ನಡುವೆ ಬೇಕೆಂದೇ ನಿಂತೆ. ಶಾಂತಲಾ ಪೇಟೆಗೆ ಹೋಗಿದ್ದಳು, ಅತ್ತೆ ತೊರಕೆಗೆ ಶೆಟ್ಲಿ ಹಾಕಿ ಹಿತ್ತಿಲಲ್ಲಿ ಕೈ ತೊಳೆಯುವ ಸದ್ದು ಕೇಳುತ್ತಿತ್ತು. ಕೆಳಗಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಗಾಜಿಗೆ ಟಕ್ ಟಕ್ ಎಂದು ಬಡಿದದ್ದು ಕೇಳಿತು.

ಹೊಟ್ಟೆ ಚುರುಗುಟ್ಟುತ್ತಿದ್ದರೂ ನಾನು ಮತ್ತೆ ನಡೆಯತೊಡಗಿದೆ.